ನೆಗೆಟಿವ್ ಎಂದು ಬರೆಯುವ ಮೊದಲು: ಕೊಡಗಿನ ಹಾಡಿಗಳಲ್ಲಿ ಸಿಕಲ್ ಸೆಲ್ ತಪಾಸಣೆಯ ನನ್ನ ಅನುಭವ

ದಕ್ಷಿಣ ಕೊಡಗಿನ ಬುಡಕಟ್ಟು ಜನರ ಹಾಡಿಗಳಲ್ಲೂ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲೂ ಸಿಕಲ್ ಸೆಲ್ ಕಾಯಿಲೆಯನ್ನು ಪತ್ತೆ ಹಚ್ಚುವ ಕೆಲಸದಲ್ಲಿ ಪ್ರಯೋಗಾಲಯದ ಹೊಣೆ ನನ್ನದಾಗಿತ್ತು. ನಾನು ಪೆಥಾಲಜಿಸ್ಟ್. ಅದಕ್ಕೂ ಮೊದಲು ಎಷ್ಟೋ ವರ್ಷ ರಕ್ತದ ಟ್ಯೂಬುಗಳು ಟ್ರೇಯಲ್ಲಿ ನನ್ನ ಮೇಜಿಗೆ ಬರುತ್ತಿದ್ದವು, ವರದಿಯಾಗಿ ಹೊರಗೆ ಹೋಗುತ್ತಿದ್ದವು. ಆ ರಕ್ತವನ್ನು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆದರು ಎಂದು ಕೇಳುವ ಪ್ರಮೇಯವೇ ಬಂದಿರಲಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭವಾದ ಮೇಲೆ, 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು ದೇಶದ ಹಲವು ಬುಡಕಟ್ಟು ಪ್ರದೇಶಗಳಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತಿವೆ. ಅಲ್ಲಿ ದುಡಿಯುತ್ತಿರುವ ತಂತ್ರಜ್ಞರಿಗೆ ಇದರಿಂದ ಉಪಯೋಗವಾಗಬಹುದು.

ಈ ಕಾಯಿಲೆಯ ಮೂಲ ಹಿಮೋಗ್ಲೋಬಿನ್ನಿನಲ್ಲಿದೆ. ಅದರ ಬೀಟಾ ಎಂಬ ಪ್ರೋಟೀನ್ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಬದಲು ವ್ಯಾಲೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಬಂದು ಕೂರುತ್ತದೆ. ಆಮ್ಲಜನಕ ಕಡಿಮೆಯಾದಾಗ ಇಂಥ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇಂಥ ಬಾಗಿದ ಕಣಗಳನ್ನು ಮೊದಲು ವರದಿ ಮಾಡಿದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದನ್ನು ಅಣುವಿನ ಮಟ್ಟದ ಕಾಯಿಲೆ ಎಂದು ತೋರಿಸಿಕೊಟ್ಟರು. ನಮಗೆ ಹತ್ತಿರದ ಸಂಗತಿಯೆಂದರೆ, 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಈ ಕಾಯಿಲೆಯ ಜೀನನ್ನು ಭಾರತದಲ್ಲಿ ಗುರುತಿಸಿದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ. ನೀಲಗಿರಿಯಿಂದ ವಯನಾಡು, ವಯನಾಡಿನಿಂದ ನಮ್ಮ ಕುಟ್ಟ, ಶ್ರೀಮಂಗಲ: ಎಲ್ಲವೂ ಒಂದೇ ಕಾಡಿನ ಸೆರಗು. ಒಂದು ಕಾಲಕ್ಕೆ ಮಲೇರಿಯಾ ಇಲ್ಲೆಲ್ಲ ಬೀಡುಬಿಟ್ಟಿತ್ತು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಪಡೆದವರಿಗೆ ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆಂದು ಆಂಥೊನಿ ಆಲಿಸನ್ 1954ರಲ್ಲಿ ತೋರಿಸಿದ್ದರು. ಇಬ್ಬರಿಂದಲೂ ಪಡೆದ ಮಗು ಮಾತ್ರ ನೋವು, ರಕ್ತಹೀನತೆ, ಮೇಲಿಂದ ಮೇಲೆ ಬರುವ ಸೋಂಕು ಇವುಗಳಲ್ಲಿ ನರಳುತ್ತದೆ.

ಚಳಿ ಮತ್ತು ದೇಹದಲ್ಲಿ ನೀರಿನ ಕೊರತೆ ಈ ನೋವನ್ನು ಕೆರಳಿಸುತ್ತವೆ. ಕೊಡಗಿನ ಮಳೆಗಾಲದಲ್ಲಿ ಮಳೆಗೆ ಹೊದೆಯುವ ಕೊಪ್ಪೆ ಹಾಕಿಕೊಂಡು ಇಡೀ ದಿನ ತೋಟದಲ್ಲಿ ನೆನೆಯುವವರಿಗೆ ಕೈಕಾಲು ನೋವು ಬಂದರೆ ಎಲ್ಲರೂ ‘ಥಂಡಿ’ ಎನ್ನುತ್ತಾರೆ. ನಮ್ಮಲ್ಲಿ ಈ ಕಾಯಿಲೆ ಬಹಳ ಕಾಲ ಬೆಳಕಿಗೆ ಬಾರದಿರಲು ಅದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ಜನರನ್ನು ಭೇಟಿಯಾಗುವ ಹೊತ್ತನ್ನು ಗೊತ್ತು ಮಾಡುವುದೇ ಮೊದಲ ಕಷ್ಟವಾಯಿತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಹಾಡಿಗೆ ಹೋದರೆ ಮುದುಕರು ಮತ್ತು ಕೂಸುಗಳು ಮಾತ್ರ ಸಿಗುತ್ತಾರೆ. ಒಂದು ದಿನದ ಕೂಲಿ ಬಿಟ್ಟು ರಕ್ತ ಕೊಡಲು ಬನ್ನಿ ಎಂದು ಕರೆಯುವುದು ನ್ಯಾಯವಲ್ಲ. ಸಂಜೆ ಹೋಗೋಣವೆಂದರೆ ಕತ್ತಲಾದ ಮೇಲೆ ಆ ರಸ್ತೆಗಳಲ್ಲಿ ಆನೆ ಇಳಿಯುತ್ತದೆ. ಕೊನೆಗೆ ಭಾನುವಾರ ಬೆಳಿಗ್ಗೆ, ಜನ ಸಂತೆಗೆ ಹೊರಡುವ ಮುನ್ನ, ಅಂಗನವಾಡಿಯ ಜಗಲಿಯಲ್ಲಿ ಕೂರುವುದೆಂದು ನಿರ್ಧರಿಸಿದೆವು. ಆಶಾ ಕಾರ್ಯಕರ್ತೆಯರು ಹಿಂದಿನ ದಿನವೇ ಮನೆಮನೆಗೆ ತಿಳಿಸಿ ಬರುತ್ತಿದ್ದರು.

ಒಪ್ಪಿಗೆ ಪಡೆಯುವ ಕೆಲಸಕ್ಕೆ ರಕ್ತ ತೆಗೆಯುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಹಿಡಿಯಬೇಕಾದದ್ದೂ ಹಾಗೆಯೇ. ಈ ಹಾಡಿಗಳ ಬುಡಕಟ್ಟಿನವರಾದ ಎರವರ ಮನೆಮಾತು ಬೇರೆ. ಕನ್ನಡದ ಒಪ್ಪಿಗೆ ಪತ್ರವನ್ನು ಓದಿ ಹೇಳಿದರೆ ಹಿರಿಯರು ತಲೆಯಾಡಿಸುತ್ತಾರೆ, ಆದರೆ ಅದು ಒಪ್ಪಿಗೆಯಲ್ಲ, ಸೌಜನ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ನಾವು ಅದೇ ಹಾಡಿಯಲ್ಲಿ ಓದಿದ ಹುಡುಗಿಯೊಬ್ಬಳಿಂದ ಅವರ ಮಾತಿನಲ್ಲೇ ಎಲ್ಲವನ್ನೂ ಹೇಳಿಸಿ, ಬಳಿಕ ಕೇಳಿದವರ ಬಾಯಿಂದ ಅದನ್ನು ತಿರುಗಿ ಹೇಳಿಸುತ್ತಿದ್ದೆವು. ಒಬ್ಬ ಅಜ್ಜಿ ಕೈ ಮುಂದೆ ಚಾಚುವ ಮೊದಲು, ‘ಇದು ಗೊತ್ತಾದರೆ ಹುಡುಗಿಗೆ ಗಂಡು ಸಿಗುತ್ತಾ ಡಾಕ್ಟ್ರೇ?’ ಎಂದು ಕೇಳಿದರು. ಈ ಅಧ್ಯಯನದ ಉದ್ದಕ್ಕೂ ಇದಕ್ಕಿಂತ ತೂಕದ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಅಂದಿನಿಂದ ಫಲಿತಾಂಶವನ್ನು ಆಯಾ ಮನೆಯವರಿಗೆ ಮಾತ್ರ, ಬೇರೆಯವರಿಲ್ಲದ ಹೊತ್ತಿನಲ್ಲಿ ಹೇಳುವ ಕ್ರಮ ಮಾಡಿಕೊಂಡೆವು. ಒಂದು ತೋಟದಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್, ಲೈನ್ ಮನೆಗಳಲ್ಲಿ ಯಾರು ಯಾರಿಗೆ ಕಾಯಿಲೆ ಇದೆಯೆಂಬ ಪಟ್ಟಿ ಕೊಡಿ, ಹಗುರ ಕೆಲಸ ಹಚ್ಚುತ್ತೇವೆ ಎಂದು ಕೇಳಿದರು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಪಟ್ಟಿಯನ್ನು ಮಾತ್ರ ನಾನು ಕೊಡಲಿಲ್ಲ.

ಈಗ ಪರೀಕ್ಷೆಯ ವಿಷಯ. ಹಾಡಿಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಗೆ ಸಾಲ್ಯುಬಿಲಿಟಿ ಟೆಸ್ಟ್ ಎಂದು ಹೆಸರು. ಗಾಢವಾದ ಫಾಸ್ಫೇಟ್ ದ್ರಾವಣಕ್ಕೆ ಸಪೋನಿನ್ ಮತ್ತು ಸೋಡಿಯಂ ಡೈಥಯೊನೈಟ್ ಸೇರಿಸಿರುತ್ತಾರೆ. ಅದರ 2 ಮಿಲಿಲೀಟರಿಗೆ 20 ಮೈಕ್ರೋಲೀಟರ್ ರಕ್ತ ಹಾಕಿದರೆ ಸಪೋನಿನ್ ರಕ್ತಕಣಗಳನ್ನು ಒಡೆಯುತ್ತದೆ, ಡೈಥಯೊನೈಟ್ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಎಸ್ ಹಿಮೋಗ್ಲೋಬಿನ್, ಅಂದರೆ ಮೇಲೆ ಹೇಳಿದ ಬದಲಾದ ಹಿಮೋಗ್ಲೋಬಿನ್, ಇದ್ದರೆ ಅದು ಕರಗದೆ ದ್ರಾವಣ ಮಬ್ಬಾಗುತ್ತದೆ. ಐದು ನಿಮಿಷದ ಬಳಿಕ ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾರ್ಡ್ ಹಿಡಿದು ನೋಡಬೇಕು: ಗೆರೆ ಸ್ಪಷ್ಟವಾಗಿ ಕಂಡರೆ ನೆಗೆಟಿವ್, ಗೆರೆ ಮುಚ್ಚಿಹೋದರೆ ಪಾಸಿಟಿವ್. ಒಂದೇ ಜೀನ್ ಇರುವವರ ರಕ್ತವೂ ಮಬ್ಬಾಗುತ್ತದೆ, ಕಾಯಿಲೆ ಇರುವವರದೂ ಮಬ್ಬಾಗುತ್ತದೆ. ಯಾರು ಯಾವ ಬಗೆ ಎಂದು ತಿಳಿಯಲು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ, ಪ್ರಯೋಗಾಲಯದ ಎಚ್‌ಪಿಎಲ್‌ಸಿ ಯಂತ್ರ ಬೇಕೇ ಬೇಕು. ಆರು ತಿಂಗಳಿಗಿಂತ ಚಿಕ್ಕ ಕೂಸುಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಹೆಚ್ಚಿರುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ.

ನಮ್ಮ ಯೋಜನೆಯಲ್ಲಿ ಹಾಡಿಯಲ್ಲಿ ಪಾಸಿಟಿವ್ ಬಂದವರ ರಕ್ತವನ್ನು ಮಾತ್ರ ಯಂತ್ರಕ್ಕೆ ಕಳಿಸುವುದೆಂದಿತ್ತು; ಯಂತ್ರದ ಖರ್ಚನ್ನು ನೋಡಿ ನಾನೇ ಹಾಗೆ ಬರೆದಿದ್ದೆ. ಜೂನ್ ಕೊನೆಯ ಒಂದು ಭಾನುವಾರ ಬಿಡದೆ ಮಳೆ ಸುರಿಯುತ್ತಿತ್ತು. ಅಂದು ನೋಡಿದ ಟ್ಯೂಬುಗಳೆಲ್ಲ ತಿಳಿಯಾಗಿದ್ದವು, ಒಂದೊಂದರ ಹಿಂದೆಯೂ ಗೆರೆ ಚೆನ್ನಾಗಿ ಕಾಣುತ್ತಿತ್ತು. ಎಲ್ಲರಿಗೂ ನೆಗೆಟಿವ್ ಎಂದು ಬರೆದೆವು, ಹಲವರಿಗೆ ಅಲ್ಲೇ ಹೇಳಿಯೂ ಬಂದೆವು. ನಮ್ಮ ಬಳಿಯಿದ್ದ ಪಾಸಿಟಿವ್ ಕಂಟ್ರೋಲ್, ಅಂದರೆ ಎಸ್ ಇದೆಯೆಂದು ಖಚಿತವಾಗಿ ಗೊತ್ತಿರುವ ರಕ್ತ, ಹಿಂದಿನ ವಾರವೇ ಮುಗಿದಿತ್ತು. ಹೊಸದು ಬರುವವರೆಗೆ ಕಾಯದೆ ಹೊರಟಿದ್ದು ನನ್ನ ತೀರ್ಮಾನ.

ಎರಡು ದಿನಗಳ ಮೇಲೆ ತಂತ್ರಜ್ಞೆ ಆ ದಿನದ ಡೈಥಯೊನೈಟ್ ಬಾಟಲಿಯನ್ನು ನನ್ನ ಮುಂದೆ ಇಟ್ಟು, ‘ಸರ್, ಇದು ಗಟ್ಟಿಯಾಗಿದೆ’ ಎಂದರು. ಸಕ್ಕರೆ ಪುಡಿಯ ಹಾಗೆ ಸರಸರ ಉದುರಬೇಕಾದ ಬಿಳಿ ಪುಡಿ ನೀರು ತಾಗಿದ ಉಪ್ಪಿನಂತೆ ಹೆಪ್ಪುಗಟ್ಟಿ ಬಾಟಲಿಯ ಒಂದು ಬದಿಗೆ ಅಂಟಿಕೊಂಡಿತ್ತು. ಚಮಚದಿಂದ ಮೀಟಿದರೆ ಉಂಡೆಯಾಗಿ ಎದ್ದು ಬರುತ್ತಿತ್ತು. ಡೈಥಯೊನೈಟ್ ತೇವದ ಗಾಳಿಯಲ್ಲಿ ಕೆಡುವ ವಸ್ತು. ಕೆಟ್ಟರೆ ಆಮ್ಲಜನಕ ಕಸಿಯುವ ಶಕ್ತಿ ಕುಂದುತ್ತದೆ. ಆಮ್ಲಜನಕ ಹೋಗದಿದ್ದರೆ ಎಸ್ ಹಿಮೋಗ್ಲೋಬಿನ್ ಸುಮ್ಮನೆ ಕರಗಿಯೇ ಇರುತ್ತದೆ, ದ್ರಾವಣ ತಿಳಿಯಾಗಿಯೇ ಉಳಿಯುತ್ತದೆ, ಕಾರ್ಡಿನ ಗೆರೆ ಕಾಣುತ್ತಲೇ ಇರುತ್ತದೆ. ಬಟ್ಟೆ ಒಣಗದ, ಗೋಡೆಗೆ ಬೂಷ್ಟು ಹತ್ತುವ ಕೊಡಗಿನ ಮಳೆಗಾಲದಲ್ಲಿ ಆ ಬಾಟಲಿಯ ಮುಚ್ಚಳವನ್ನು ತೆರೆದ ಜಗಲಿಯಲ್ಲಿ ಎಷ್ಟು ಸಲ ತೆಗೆದು ಹಾಕಿದ್ದೆವೋ!

ಪುಣ್ಯಕ್ಕೆ ಅಂದಿನ ರಕ್ತ ತುಂಬಿದ ಇಡಿಟಿಎ ಟ್ಯೂಬುಗಳು (ಇಡಿಟಿಎ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಫ್ರಿಜ್‌ನಲ್ಲೇ ಇದ್ದವು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಮಾದರಿಯನ್ನು ಒಂದು ವಾರದೊಳಗೆ ಎಚ್‌ಪಿಎಲ್‌ಸಿಗೆ ಹಾಕಬಹುದು. ಖರ್ಚಿನ ಮಾತನ್ನು ಬದಿಗಿಟ್ಟು ಅಷ್ಟನ್ನೂ ಹಾಕಿಸಿದೆ. ಕಾಗದದ ಮೇಲೆ ಒಂದೊಂದೇ ಗ್ರಾಫ್ ಬರುತ್ತಿರುವಾಗ, ಸಾಮಾನ್ಯವಾದ ಎ ಹಿಮೋಗ್ಲೋಬಿನ್ನಿನ ಶಿಖರದ ಆಚೆ, ನಾಲ್ಕೂವರೆ ನಿಮಿಷದ ಆಸುಪಾಸಿನಲ್ಲಿ ಎಸ್ ಶಿಖರ ಏಳುವುದನ್ನು ನೋಡಿದೆ. ಅದು ಒಬ್ಬರದಲ್ಲ, ಕೆಲವರದು. ಹೆಚ್ಚಿನವರಲ್ಲಿ ಒಂದೇ ಜೀನ್ ಇತ್ತು. ಒಬ್ಬ ಹುಡುಗನ ಗ್ರಾಫಿನಲ್ಲಿ ಮಾತ್ರ ಎ ಶಿಖರವೇ ಇರಲಿಲ್ಲ; ಎಸ್ ಮತ್ತು ಭ್ರೂಣದ ಹಿಮೋಗ್ಲೋಬಿನ್ ಎರಡೇ ಎದ್ದು ಕಾಣುತ್ತಿದ್ದವು.

ಆ ಹುಡುಗನ ವಿಷಯದಲ್ಲಿ ಕೆಟ್ಟ ಪುಡಿಯ ಜೊತೆಗೆ ಇನ್ನೊಂದು ತಪ್ಪೂ ಸೇರಿತ್ತು. ಅವನ ಹಿಮೋಗ್ಲೋಬಿನ್ 7 ಗ್ರಾಂಗೂ ಕಡಿಮೆ. ರಕ್ತ ಅಷ್ಟು ತೆಳುವಾಗಿದ್ದಾಗ 20 ಮೈಕ್ರೋಲೀಟರಿನಲ್ಲಿ ದ್ರಾವಣ ಮಬ್ಬಾಗುವಷ್ಟು ಹಿಮೋಗ್ಲೋಬಿನ್ನೇ ಇರದೆ ಹೋಗಬಹುದು, ಆದ್ದರಿಂದ ರಕ್ತದ ಪ್ರಮಾಣವನ್ನು ಎರಡು ಪಟ್ಟು ಮಾಡಬೇಕು. ಇದು ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಸಂಗತಿ. ಆದರೂ ಅಂದು ಹಿಮೋಗ್ಲೋಬಿನ್ ಅಳೆಯುವ ಮೇಜನ್ನು ಸಾಲಿನ ಕೊನೆಯಲ್ಲಿ ಇಟ್ಟಿದ್ದೆವು. ಸಾಲ್ಯುಬಿಲಿಟಿ ಪರೀಕ್ಷೆ ಮುಗಿದ ಮೇಲೆ ಆ ಸಂಖ್ಯೆ ಬರುತ್ತಿತ್ತು. ರಕ್ತಹೀನತೆಯನ್ನು ಹುಡುಕಲು ಹೋದವರು ರಕ್ತಹೀನತೆ ಇದ್ದವರನ್ನೇ ತಪ್ಪಿಸಿಕೊಳ್ಳುವ ವ್ಯವಸ್ಥೆ ಅದು.

ಮುಂದಿನ ಭಾನುವಾರ ನಾನೇ ಆ ಹಾಡಿಗೆ ಹೋದೆ. ಹುಡುಗನ ತಾಯಿ ಒಲೆಯ ಮುಂದೆ ಕೂತಿದ್ದರು. ‘ಅಕ್ಕ, ಹೋದ ಸಲ ನಾವು ಹೇಳಿದ್ದು ತಪ್ಪು. ನಮ್ಮ ಔಷಧ ಕೆಟ್ಟಿತ್ತು, ನಿಮ್ಮ ಮಗನ ರಕ್ತದಲ್ಲಿ ಕಾಯಿಲೆ ಇದೆ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕೇ ಮಳೆ ಬಂದ್ರೆ ಕಾಲು ಹಿಡ್ಕೊಂಡು ಅಳ್ತಾನೆ, ಸೋಮಾರಿ ಅಂತ ಹೊಡ್ದಿದ್ದೀನಿ’ ಎಂದರು. ಅವನನ್ನು ಕರೆದುಕೊಂಡು ಬಂದು ತಜ್ಞರಿಗೆ ತೋರಿಸಿದೆವು. ಫೋಲಿಕ್ ಆಮ್ಲ, ನ್ಯೂಮೋಕಾಕಸ್ ವಿರುದ್ಧದ ಲಸಿಕೆ ಮತ್ತು ಹೈಡ್ರಾಕ್ಸಿಯೂರಿಯಾ ಆರಂಭವಾದವು. ಹೈಡ್ರಾಕ್ಸಿಯೂರಿಯಾ ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ, ಆದರೆ ನಿಯಮಿತವಾಗಿ ರಕ್ತಕಣಗಳ ಎಣಿಕೆ ಮಾಡುತ್ತಿರಬೇಕು. ಆ ಎಣಿಕೆಗೆ ಪ್ರತಿ ಸಲವೂ ಪಟ್ಟಣಕ್ಕೆ ಬರುವ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಆ ಮನೆಯ ಮೇಲೆ ಬೀಳದಂತೆ, ರಕ್ತವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆದು ಕಳಿಸುವ ಏರ್ಪಾಡು ಮಾಡಿದೆವು. ಈ ಪ್ರದೇಶದಲ್ಲಿ ಇಂಥ ಏರ್ಪಾಡಿಲ್ಲದೆ ಚಿಕಿತ್ಸೆ ಎಂಬ ಮಾತಿಗೆ ಅರ್ಥವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಗೆ ಆದದ್ದನ್ನೆಲ್ಲ ಬರೆದು ತಿಳಿಸಿ, ವಿಧಾನವನ್ನು ತಿದ್ದಲು ಅನುಮತಿ ಪಡೆದೆವು. ಹಿಮೋಗ್ಲೋಬಿನ್ ಅಳೆಯುವ ಮೇಜು ಸಾಲಿನ ಮೊದಲಿಗೆ ಬಂತು. ಡೈಥಯೊನೈಟ್ ಪುಡಿಯನ್ನು ಪ್ರಯೋಗಾಲಯದಲ್ಲೇ ತೂಗಿ, ಒಂದು ದಿನಕ್ಕೆ ಬೇಕಾದಷ್ಟನ್ನೇ ಬಿಗಿಯಾದ ಚಿಕ್ಕ ಟ್ಯೂಬುಗಳಿಗೆ ತುಂಬಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಒಯ್ಯತೊಡಗಿದೆವು. ಉಳಿದದ್ದನ್ನು ಸಂಜೆ ಚೆಲ್ಲುತ್ತೇವೆ. ನೆಗೆಟಿವ್ ಬಂದವರಲ್ಲೂ ರಕ್ತಹೀನತೆ ತೀವ್ರವಾಗಿರುವವರ ಮಾದರಿ ಯಂತ್ರಕ್ಕೆ ಹೋಗುತ್ತದೆ. ಕಳೆದ ಮೂರು ತಿಂಗಳಲ್ಲಿ ಬೇರೆಯವರ ರಕ್ತ ಪಡೆದವರನ್ನು ಕೇಳಿ ಬರೆದುಕೊಂಡು, ಅವರ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತೇವೆ.

ಜಗಲಿಯಲ್ಲಿ ಮೇಜು ಹಾಕಿದ ಕೂಡಲೇ ತಂತ್ರಜ್ಞೆ ಎರಡು ಟ್ಯೂಬುಗಳನ್ನು ಸಿದ್ಧ ಮಾಡುತ್ತಾರೆ: ಎಸ್ ಇರುವ ರಕ್ತ ಒಂದರಲ್ಲಿ, ಇಲ್ಲದ್ದು ಇನ್ನೊಂದರಲ್ಲಿ. ಐದು ನಿಮಿಷ ಕಾದು, ಗೆರೆ ಎಳೆದ ಕಾರ್ಡನ್ನು ಹಿಂದೆ ಹಿಡಿದು, ಮೊದಲನೆಯದರಲ್ಲಿ ಗೆರೆ ಮುಚ್ಚಿದೆ, ಎರಡನೆಯದರಲ್ಲಿ ಕಾಣುತ್ತಿದೆ ಎಂದು ಇಬ್ಬರೂ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಅದಾದ ಮೇಲೆಯೇ ಸಾಲಿನಲ್ಲಿ ಕಾಯುತ್ತಿರುವ ಮೊದಲನೆಯವರನ್ನು ಕರೆಯುತ್ತೇವೆ. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಮೊದಲನೆಯ ಟ್ಯೂಬ್ ಸರಿಯಾಗಿ ಮಬ್ಬಾಗಲಿಲ್ಲ. ಅಂದು ಬಂದವರಿಗೆ ವಿಷಯ ಹೇಳಿ, ಚಹಾ ಕೊಟ್ಟು, ಯಾರ ರಕ್ತವನ್ನೂ ತೆಗೆಯದೆ ಪೆಟ್ಟಿಗೆ ಕಟ್ಟಿಕೊಂಡು ವಾಪಸು ಬಂದೆವು.