ಟ್ರೇಲರ್‌ಗೆ ಯಾವ ಬ್ರೇಕ್ ಕಂಟ್ರೋಲರ್ ಸರಿ?

ಟ್ರೇಲರ್‌ನಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕಂಟ್ರೋಲರ್ ಬೇಕೇ ಬೇಕು. ಟ್ರೇಲರ್ ಚಕ್ರದ ಡ್ರಮ್ ಒಳಗೆ ಬ್ರೇಕ್ ಹಿಡಿಸುವ ಮ್ಯಾಗ್ನೆಟ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ತೀರ್ಮಾನಿಸುವುದು ಅದೇ. ಕೊಳ್ಳುವಾಗ ನಾನು ಮೊದಲು ನೋಡುವುದು ಒಂದನ್ನೇ: ನಾನು ಎಷ್ಟು ಜೋರಾಗಿ ಬ್ರೇಕ್ ಒತ್ತಿದೆ ಅನ್ನುವುದು ಈ ಡಬ್ಬಿಗೆ ಗೊತ್ತಾಗುತ್ತದಾ?

ಟೈಮ್-ಡಿಲೇ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ. ಬ್ರೇಕ್ ಲೈಟ್ ಹೊತ್ತಿದ ಕೂಡಲೇ, ನೀವು ಮೊದಲೇ ಇಟ್ಟ ಮಟ್ಟದವರೆಗೆ ಕರೆಂಟನ್ನು ಏರಿಸುತ್ತಾ ಹೋಗುತ್ತದೆ. ಸಿಗ್ನಲ್‌ನಲ್ಲಿ ಮೆಲ್ಲಗೆ ನಿಲ್ಲಿಸಿ, ಅಡ್ಡ ಬಂದ ಗಾಡಿಗೆ ಗಕ್ಕನೆ ಒತ್ತಿ, ಅದರದು ಒಂದೇ ರಾಗ. ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಟ್ರೇಲರ್ ಹಿಂದಿನಿಂದ ಜಗ್ಗುತ್ತದೆ, ಬ್ರೇಕ್ ಶೂಗಳೂ ಜಾಸ್ತಿ ಸವೆಯುತ್ತವೆ. ಆದರೆ ಬೆಲೆ ಕಡಿಮೆ, ಡ್ಯಾಶ್‌ಬೋರ್ಡ್ ಕೆಳಗೆ ಯಾವ ಕೋನದಲ್ಲಾದರೂ ಕೂರಿಸಬಹುದು. ಹಗುರ ಟ್ರೇಲರ್, ಅದೂ ಅಪರೂಪಕ್ಕೆ ಎಳೆಯುವವರಿಗೆ ಸಾಕು.

ಪ್ರೊಪೋರ್ಷನಲ್ ಕಂಟ್ರೋಲರ್‌ನಲ್ಲಿ ಗಾಡಿಯ ವೇಗ ಎಷ್ಟು ಬೇಗ ಇಳಿಯುತ್ತಿದೆ ಅಂತ ಅಳೆಯುವ ಸೆನ್ಸರ್ ಇರುತ್ತದೆ. ನೀವು ಮೆಲ್ಲಗೆ ಒತ್ತಿದರೆ ಟ್ರೇಲರ್ ಕೂಡ ಮೆಲ್ಲಗೆ ಹಿಡಿಯುತ್ತದೆ. ನಾನು ಎಳೆಯುವುದು ಎರಡು ಆಕ್ಸಲ್‌ನ ಟ್ರೇಲರ್, ಹಾಗಾಗಿ ನನ್ನ ಓಟು ಇದಕ್ಕೇ. ವೇಗ ಇಳಿಯುವುದನ್ನು ಅಳೆಯಲು ಹಳೆಯ ಕಾಲದ ಲೋಲಕ ಇರುವುದನ್ನು ಮಾತ್ರ ಅಗ್ಗ ಅಂತ ತರಬೇಡಿ. ಅದನ್ನು ಕೈಯಲ್ಲೇ ಮಟ್ಟ ಮಾಡಬೇಕು, ಇಳಿಜಾರಿನಲ್ಲಿ ಲೋಲಕ ಮುಂದಕ್ಕೆ ವಾಲಿ ಲೆಕ್ಕ ತಪ್ಪುತ್ತದೆ.

ಗಾಡಿಯ ಜೊತೆಗೇ ಫ್ಯಾಕ್ಟರಿ ಕಂಟ್ರೋಲರ್ ಬಂದಿದ್ದರೆ ಬೇರೆ ಹುಡುಕಬೇಡಿ. ಅವುಗಳಲ್ಲಿ ಹಲವು ಬ್ರೇಕ್ ಆಯಿಲ್‌ನ ಒತ್ತಡವನ್ನೇ ಓದುತ್ತವೆ. ಫೋನ್‌ನಿಂದಲೋ ರಿಮೋಟ್‌ನಿಂದಲೋ ನಡೆಸುವ ವೈರ್‌ಲೆಸ್ ಮಾದರಿ ಹೆಚ್ಚಾಗಿ ಟ್ರೇಲರ್ ಮೇಲೇ ಕೂರುತ್ತದೆ, ಒಂದೇ ಟ್ರೇಲರನ್ನು ಬೇರೆ ಬೇರೆ ಗಾಡಿಗೆ ಕಟ್ಟುವವರಿಗೆ ಅನುಕೂಲ. ಆದರೆ ಟ್ರೇಲರ್ ಓಲಾಡಲು ಶುರುವಾದಾಗ ಅದರ ಬ್ರೇಕನ್ನಷ್ಟೇ ಕೈಯಿಂದ ಒತ್ತಲು ಫೋನ್ ಹುಡುಕಬೇಕಾ? ಕೈಗೆಟಕುವ ಬಟನ್ ಇದ್ದರೆ ಮಾತ್ರ ತಗೊಳ್ಳಿ. ಟ್ರೇಲರ್‌ನಲ್ಲಿ ಎಲೆಕ್ಟ್ರಿಕ್-ಓವರ್-ಹೈಡ್ರಾಲಿಕ್ ಬ್ರೇಕ್ (ಕರೆಂಟ್ ಸಿಗ್ನಲ್‌ನಿಂದ ಪಂಪ್ ನಡೆದು ಆಯಿಲ್ ಒತ್ತಡದಿಂದ ಹಿಡಿಯುವುದು) ಇದ್ದರೆ ಎಲ್ಲ ಕಂಟ್ರೋಲರ್ ಹೊಂದುವುದಿಲ್ಲ, ಕೇಳಿಯೇ ಕೊಳ್ಳಿ.

ಯಾವುದೇ ಹಾಕಿಸಿ, ಗೇನ್, ಅಂದರೆ ಟ್ರೇಲರ್ ಬ್ರೇಕ್‌ಗೆ ಎಷ್ಟು ಕರೆಂಟ್ ಕೊಡಬೇಕು ಅನ್ನುವ ಸೆಟ್ಟಿಂಗ್, ಸರಿಯಾಗಿ ಇಡದಿದ್ದರೆ ದುಡ್ಡು ದಂಡ. ಲೋಡ್ ಹಾಕಿ, ಖಾಲಿ ಇರುವ ಒಣ, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಆಸುಪಾಸು ಹೋಗಿ. ಪೆಡಲ್ ಮುಟ್ಟದೆ, ಟ್ರೇಲರ್ ಬ್ರೇಕನ್ನಷ್ಟೇ ಹಿಡಿಸುವ ಕಂಟ್ರೋಲರ್‌ನ ಮ್ಯಾನುವಲ್ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗುವವರೆಗೆ ಗೇನ್ ಸ್ವಲ್ಪ ಸ್ವಲ್ಪವೇ ಏರಿಸಿ, ಆಮೇಲೆ ಲಾಕ್ ಆಗದಷ್ಟಕ್ಕೆ ಇಳಿಸಿ. ಲೋಡ್ ಬದಲಾದರೆ, ಮಳೆ ಬಂದರೆ ಮತ್ತೆ ನೋಡಿ. ಗೇನ್ ತುದಿಗೆ ಹೋದರೂ ಟ್ರೇಲರ್ ಹಿಡಿಯುತ್ತಿಲ್ಲವಾ? ಸುಮ್ನೆ ಕಂಟ್ರೋಲರ್ ಬದಲಿಸಬೇಡಿ. 10–12 ಇಂಚಿನ ಡ್ರಮ್‌ನ ಒಂದೊಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕು ಚಕ್ರಕ್ಕೆ 12ರ ಹತ್ತಿರ. ಮೀಟರ್ ಹಿಡಿದಾಗ ಅಷ್ಟು ಬಾರದಿದ್ದರೆ ವೈರ್ ತೆಳುವಾಗಿದೆಯಾ, ಇಲ್ಲವೇ ಅರ್ಥ್ ಸಡಿಲವಾಗಿದೆಯಾ ನೋಡಿ. ಬಂದರೆ ಡ್ರಮ್ ಬಿಚ್ಚಿ ಶೂ ಅಡ್ಜಸ್ಟ್ ಮಾಡಿಸಿ.