ಫೀನಿಕ್ಸ್‌ಗೆ ಹೊಸದಾಗಿ ಬಂದವರಿಗೆ: ಇಲ್ಲಿನ ಶೆರಿಫ್ ವಿಷಯ ಸ್ವಲ್ಪ ತಿಳಿದುಕೊಳ್ಳಿ

ಚಾಂಡ್ಲರ್, ಗಿಲ್ಬರ್ಟ್, ಟೆಂಪಿ ಕಡೆ ಹೊಸದಾಗಿ ಬಂದ ಕನ್ನಡದವರು ಮೊದಲು ಕೇಳುವುದು ಶಾಲೆ, ಬಾಡಿಗೆ, ಕಾರಿನ ಇನ್ಶೂರೆನ್ಸ್, ಸೋನಾ ಮಸೂರಿ ಅಕ್ಕಿ ಸಿಗುವ ಅಂಗಡಿ. ಇದೆಲ್ಲ ಒಂದೆರಡು ವಾರದಲ್ಲಿ ತಾನಾಗಿ ಗೊತ್ತಾಗುತ್ತದೆ. ಶೆರಿಫ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಇಂಟೆಲ್ ಕೆಲಸಕ್ಕೋ, ಟಿಎಸ್‌ಎಂಸಿ ಕೆಲಸಕ್ಕೋ, ಎಎಸ್‌ಯುನಲ್ಲಿ ಓದುವುದಕ್ಕೋ ಬಂದವರಿಗೆ ಶೆರಿಫ್ ಯಾಕೆ ಬೇಕು ಅನ್ನಿಸಬಹುದು. ಬೇಕು. ಅಮೆರಿಕದಲ್ಲಿ ವಲಸಿಗರ ಮೇಲೆ ಪೊಲೀಸರು ಹೇಗೆ ನಡೆದುಕೊಳ್ಳಬಾರದು ಅನ್ನುವುದರ ದೊಡ್ಡ ಕೇಸು ಹುಟ್ಟಿದ್ದು ಫೀನಿಕ್ಸ್ ಇರುವ ಇದೇ ಮ್ಯಾರಿಕೋಪಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಆ ಕೇಸು ಶುರುವಾಗಿದ್ದು ಸರಿಯಾದ ವೀಸಾ ಇದ್ದ ಮನುಷ್ಯನಿಂದ.

ಮೊದಲು ಯಾರು ಏನು ಅಂತ ನೋಡೋಣ. ನಮ್ಮ ಕಡೆ ಜಿಲ್ಲೆಯ ಎಸ್‌ಪಿಯನ್ನು ಸರ್ಕಾರ ನೇಮಿಸುತ್ತದೆ, ಬೇಡ ಅನ್ನಿಸಿದರೆ ವರ್ಗ ಮಾಡುತ್ತದೆ. ಇಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಪಾರ್ಟಿ ಟಿಕೆಟ್, ಪ್ರಚಾರ, ದೇಣಿಗೆ ಎಲ್ಲಾ ಇರುತ್ತದೆ. ವರ್ಗ ಮಾಡುವ ಮೇಲಧಿಕಾರಿ ಯಾರೂ ಇಲ್ಲ. ಹಾಗಾಗಿ ಟಿವಿಯಲ್ಲಿ ಕಾಣಿಸಿಕೊಳ್ಳುವ ಆಸೆ ಆ ಹುದ್ದೆಯ ಜೊತೆಗೇ ಬರುತ್ತದೆ.

ಫೀನಿಕ್ಸ್, ಮೇಸಾ, ಚಾಂಡ್ಲರ್, ಸ್ಕಾಟ್ಸ್‌ಡೇಲ್ ಇವಕ್ಕೆಲ್ಲ ತಮ್ಮದೇ ಪೊಲೀಸ್ ಇದೆ. ಶೆರಿಫ್‌ನ ಡೆಪ್ಯುಟಿಗಳು, ಅಂದರೆ ಅವನ ಕೈಕೆಳಗಿನ ಪೊಲೀಸರು, ನೋಡಿಕೊಳ್ಳುವುದು ಯಾವ ನಗರಕ್ಕೂ ಸೇರದ ಜಾಗಗಳನ್ನು, ಮತ್ತೆ ಫೌಂಟನ್ ಹಿಲ್ಸ್, ಕೇವ್ ಕ್ರೀಕ್, ಗ್ವಾಡಲೂಪೆಯಂಥ ಸಣ್ಣ ಊರುಗಳನ್ನು. ಆ ಊರುಗಳು ದುಡ್ಡು ಕೊಟ್ಟು ಕಾಂಟ್ರಾಕ್ಟ್ ಮೇಲೆ ಅವರನ್ನು ಇಟ್ಟುಕೊಂಡಿವೆ. ಆದರೆ ಕೌಂಟಿ ಜೈಲು ಪೂರ್ತಿ ಶೆರಿಫ್ ಕೈಯಲ್ಲಿ. ನಿಮ್ಮನ್ನು ಹಿಡಿದಿದ್ದು ಚಾಂಡ್ಲರ್ ಪೊಲೀಸರೇ ಆದರೂ ಜೈಲಿಗೆ ಹಾಕಬೇಕಾದರೆ ಕರೆದೊಯ್ಯುವುದು ಅಲ್ಲಿಗೆ.

ಹೊಸಬರು ಎಡವುವ ಒಂದು ಜಾಗ ಇದೆ. ಮಹಾಗಣಪತಿ ದೇವಸ್ಥಾನ ಇರುವ ಮ್ಯಾರಿಕೋಪಾ ಊರು ಮ್ಯಾರಿಕೋಪಾ ಕೌಂಟಿಯಲ್ಲಿ ಇಲ್ಲ, ಪಿನಾಲ್ ಕೌಂಟಿಯಲ್ಲಿದೆ. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ನಿಮ್ಮ ಶೆರಿಫ್ ಬದಲಾಗುತ್ತಾನೆ, ಅವನ ನೀತಿಯೂ ಬದಲಾಗುತ್ತದೆ.

ಜೋ ಆರ್ಪಾಯೋ ಕಾಲ

ಇಲ್ಲಿ ಹಳಬರ ಹತ್ತಿರ ಶೆರಿಫ್ ಅಂದರೆ ಇವತ್ತಿಗೂ ಮೊದಲು ಬರುವ ಹೆಸರು ಜೋ ಆರ್ಪಾಯೋ. 1993ರಿಂದ 2016ರ ಕೊನೆವರೆಗೆ, ಸತತ ಆರು ಅವಧಿ, ಅವರೇ ಶೆರಿಫ್. ಅಮೆರಿಕದ ಅತ್ಯಂತ ಕಟ್ಟುನಿಟ್ಟಿನ ಶೆರಿಫ್ ಅಂತ ತಮ್ಮನ್ನು ತಾವೇ ಕರೆದುಕೊಂಡರು. 1993ರಲ್ಲೇ ಬಯಲಲ್ಲಿ ಡೇರೆ ಹಾಕಿ ಟೆಂಟ್ ಸಿಟಿ ಜೈಲು ತೆರೆದರು. ಇಲ್ಲಿನ ಬೇಸಿಗೆ ಗೊತ್ತಲ್ವಾ? ಆ ಬಿಸಿಲಲ್ಲಿ ಕೈದಿಗಳು ಡೇರೆಯೊಳಗೆ. ಗುಲಾಬಿ ಬಣ್ಣದ ಒಳಉಡುಪು, ಕಾಲಿಗೆ ಸರಪಳಿ ಹಾಕಿ ಬೀದಿ ಕೆಲಸ. ಇದನ್ನೆಲ್ಲ ತೋರಿಸಲು ಪತ್ರಕರ್ತರನ್ನು ಕರೆಯುತ್ತಿದ್ದರು. ಜನಕ್ಕೂ ಇಷ್ಟವಾಯಿತು, ಗೆಲ್ಲುತ್ತಾ ಹೋದರು.

ಮೊದಲ ಹತ್ತು ಹನ್ನೆರಡು ವರ್ಷ ವಲಸಿಗರ ವಿಷಯ ಅವರ ಮುಖ್ಯ ಕೆಲಸ ಆಗಿರಲಿಲ್ಲ. 2005ರ ನಂತರ ರಾಜ್ಯದಲ್ಲಿ ಗಾಳಿ ಬದಲಾಯಿತು. 2007ರಲ್ಲಿ ಫೆಡರಲ್ ಸರ್ಕಾರದ ಜೊತೆ 287(ಜಿ) ಒಪ್ಪಂದ ಆಯಿತು. ಅಂದರೆ ತರಬೇತಿ ಪಡೆದ ಡೆಪ್ಯುಟಿಗಳು ಇಮಿಗ್ರೇಷನ್ ಅಧಿಕಾರಿಗಳ ಕೆಲಸವನ್ನೂ ಮಾಡಬಹುದು. ಅದೇ ವರ್ಷ ಅನುಮಾನ ಬಂದವರ ಮೇಲೆ ದೂರು ಕೊಡಲು ಜನರಿಗೆ ಫೋನ್ ನಂಬರ್ ಕೊಟ್ಟರು. 2008ರಿಂದ ಶುರುವಾಗಿದ್ದು ದೊಡ್ಡ ದೊಡ್ಡ ದಾಳಿಗಳು. ಒಂದು ಬಡಾವಣೆಗೆ ಡೆಪ್ಯುಟಿಗಳ ದಂಡು ಇಳಿಯುತ್ತಿತ್ತು. ಹಿಂದಿನ ಲೈಟ್ ಹೋಗಿದೆ, ಗಾಜು ಒಡೆದಿದೆ ಅಂತ ಸಣ್ಣ ನೆಪಕ್ಕೆ ಗಾಡಿ ನಿಲ್ಲಿಸುತ್ತಿದ್ದರು. ಆಮೇಲೆ ಒಳಗೆ ಕೂತವರ ವಿಚಾರಣೆ. ಎಷ್ಟು ಜನ ಸಿಕ್ಕರು ಅಂತ ಪತ್ರಿಕಾ ಪ್ರಕಟಣೆ ಹೊರಡುತ್ತಿತ್ತು.

ಗ್ವಾಡಲೂಪೆ ನೋಡಿದ್ದೀರಾ? ಟೆಂಪಿ ಪಕ್ಕದಲ್ಲೇ, ಐ-10 ಹೈವೇಗೆ ಅಂಟಿಕೊಂಡ ಪುಟ್ಟ ಊರು. ಯಾಕಿ ಬುಡಕಟ್ಟಿನವರು, ಮೆಕ್ಸಿಕೋ ಮೂಲದವರು ಎಷ್ಟೋ ತಲೆಮಾರುಗಳಿಂದ ಅಲ್ಲಿದ್ದಾರೆ. 2008ರ ಏಪ್ರಿಲ್‌ನಲ್ಲಿ ಅಲ್ಲಿಗೂ ಡೆಪ್ಯುಟಿಗಳು ಬಂದರು. ಊರಿನ ಮೇಯರ್ ಎಲ್ಲರೆದುರೇ ಆಕ್ಷೇಪ ಎತ್ತಿದರು. ಫೀನಿಕ್ಸ್ ಮೇಯರ್ ಫಿಲ್ ಗಾರ್ಡನ್ ಫೆಡರಲ್ ತನಿಖೆ ಆಗಲಿ ಅಂದರು. ಮೇಸಾ ಪೊಲೀಸ್ ಮುಖ್ಯಸ್ಥರಿಗೂ ಶೆರಿಫ್‌ಗೂ ಬಹಿರಂಗವಾಗಿ ಜಟಾಪಟಿ ನಡೆಯಿತು. ಅದೇ ಅಕ್ಟೋಬರ್‌ನಲ್ಲಿ ಡೆಪ್ಯುಟಿಗಳು ರಾತ್ರಿ ಹೊತ್ತು ಮೇಸಾ ಸಿಟಿ ಹಾಲ್, ಲೈಬ್ರರಿಗೆ ನುಗ್ಗಿದರು. ಹುಡುಕುತ್ತಿದ್ದದ್ದು ಕಸ ಗುಡಿಸುವ ಕೆಲಸದವರನ್ನು. 2009ರ ಫೆಬ್ರವರಿಯಲ್ಲಿ ಸುಮಾರು 200 ವಲಸಿಗ ಕೈದಿಗಳನ್ನು ಸರಪಳಿ ಹಾಕಿ, ಕ್ಯಾಮೆರಾಗಳ ಮುಂದೆ ಟೆಂಟ್ ಸಿಟಿಗೆ ನಡೆಸಿದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಅವರಲ್ಲಿ ಯಾರು ಏನು ತಪ್ಪು ಮಾಡಿದ್ದರೋ ಕೋರ್ಟು ನೋಡಿಕೊಳ್ಳುತ್ತದೆ. ಮೆರವಣಿಗೆ ಮಾಡುವುದು ಪೊಲೀಸರ ಕೆಲಸವಲ್ಲ.

ಪರ ಇದ್ದವರು ಹೇಳಿದ್ದು

ಅವರ ಮಾತನ್ನೂ ಕೇಳಬೇಕು, ಯಾಕೆಂದರೆ ನಿಮ್ಮ ಆಫೀಸಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಈಗಲೂ ಅಂಥವರು ಇದ್ದಾರೆ. ಆಗ ಮೆಕ್ಸಿಕೋ ಗಡಿಯಲ್ಲಿ ಜನ ಅತಿ ಹೆಚ್ಚು ದಾಟುತ್ತಿದ್ದದ್ದು ಅರಿಜೋನಾ ಮೂಲಕ. ಫೀನಿಕ್ಸ್‌ನಲ್ಲಿ ಸಾಗಣೆದಾರರು ಜನರನ್ನು ಮನೆಗಳಲ್ಲಿ ಕೂಡಿಹಾಕಿ, ಮನೆಯವರಿಂದ ದುಡ್ಡು ಕೀಳುತ್ತಿದ್ದರು. ವಾಷಿಂಗ್ಟನ್ ಕಣ್ಣುಮುಚ್ಚಿ ಕೂತಿದೆ ಅಂತ ಜನಕ್ಕೆ ಸಿಟ್ಟು ಇತ್ತು. ಯಾರೋ ಒಬ್ಬ ಏನಾದರೂ ಮಾಡುತ್ತಿದ್ದಾನಲ್ಲ ಅಂತ ಓಟು ಹಾಕಿದರು. ಆ ಸಿಟ್ಟು ಸುಳ್ಳಲ್ಲ.

ಆದರೆ ಕ್ಯಾಮೆರಾ ಮುಂದೆ ಮಾಡುವ ಕೆಲಸಕ್ಕೆ ಆಳು ಹೋದರೆ ಉಳಿದ ಕೆಲಸಕ್ಕೆ ಆಳು ಸಾಲುವುದಿಲ್ಲ. ಈಸ್ಟ್ ವ್ಯಾಲಿ ಟ್ರಿಬ್ಯೂನ್ ಅನ್ನುವ ಇಲ್ಲಿನ ಪತ್ರಿಕೆ 2008ರಲ್ಲಿ ಇದನ್ನು ದಾಖಲೆ ಸಮೇತ ಬರೆಯಿತು. ವಲಸಿಗರ ಹಿಂದೆ ಬಿದ್ದು ಗಂಭೀರ ಅಪರಾಧಗಳ ತನಿಖೆ ಹಿಂದೆ ಬಿತ್ತು, ತುರ್ತು ಕರೆಗೆ ಹೋಗುವುದು ತಡವಾಯಿತು ಅಂತ. ಮರುವರ್ಷ ಆ ವರದಿಗೆ ಪುಲಿಟ್ಜರ್ ಬಂತು. ಎಲ್ ಮಿರಾಜ್ ಊರು ಮತ್ತಿತರ ಕಡೆ 400ಕ್ಕೂ ಹೆಚ್ಚು ಲೈಂಗಿಕ ಅಪರಾಧದ ದೂರುಗಳನ್ನು ಸರಿಯಾಗಿ ತನಿಖೆಯೇ ಮಾಡಿರಲಿಲ್ಲ ಅಂತ ಆಮೇಲೆ ಹೊರಬಂತು. ಅವುಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳೂ ಇದ್ದವು. ವಾದ ಏನೇ ಇರಲಿ, ಇದಕ್ಕೆ ಉತ್ತರ ಇಲ್ಲ ಅಂತ ನನಗೆ ಅನ್ನಿಸುತ್ತದೆ.

"ನಾವು ಲೀಗಲ್, ನಮಗೇನು?"

ನಮ್ಮವರ ಕೂಟಗಳಲ್ಲಿ ಜಾಸ್ತಿ ಕೇಳುವ ಮಾತು ಇದು. ನಾವು ಕ್ಯೂನಲ್ಲಿ ನಿಂತು ಬಂದವರು, ಫೀಸು ಕಟ್ಟಿದವರು, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವವರು. ಅಡ್ಡದಾರಿಯಲ್ಲಿ ಬಂದವರನ್ನು ಹಿಡಿದರೆ ನಮಗೇನು? ಈ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪುವುದಿಲ್ಲ.

2007ರ ಸೆಪ್ಟೆಂಬರ್‌ನಲ್ಲಿ ಕೇವ್ ಕ್ರೀಕ್ ಹತ್ತಿರ ಡೆಪ್ಯುಟಿಗಳು ಒಂದು ಗಾಡಿ ನಿಲ್ಲಿಸಿದರು. ಓಡಿಸುತ್ತಿದ್ದವನು ಬಿಳಿಯ, ಅವನನ್ನು ಬಿಟ್ಟರು. ಗಾಡಿಯಲ್ಲಿ ಕೂತಿದ್ದ ಮೆಲೆಂಡ್ರೆಸ್ ಅನ್ನುವ ಮೆಕ್ಸಿಕೋದ ಪ್ರವಾಸಿಯನ್ನು ಗಂಟೆಗಟ್ಟಲೆ ಹಿಡಿದಿಟ್ಟರು. ಅವರ ಹತ್ತಿರ ಸರಿಯಾದ ವೀಸಾ ಇತ್ತು. ಆ ವರ್ಷ ಡಿಸೆಂಬರ್‌ನಲ್ಲಿ ದಾಖಲಾದ ಮೊಕದ್ದಮೆಯೇ ಮೆಲೆಂಡ್ರೆಸ್ ಕೇಸು. 2013ರ ಮೇ ತಿಂಗಳಲ್ಲಿ ನ್ಯಾಯಾಧೀಶ ಮರ್ರೆ ಸ್ನೋ ತೀರ್ಪು ಕೊಟ್ಟರು: ಶೆರಿಫ್ ಕಚೇರಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನರನ್ನು ಜನಾಂಗ ನೋಡಿ ಗುರಿ ಮಾಡಿದೆ, ಅದು ಸಂವಿಧಾನಕ್ಕೆ ವಿರುದ್ಧ. ದಾರಿಯಲ್ಲಿ ನಿಂತ ಡೆಪ್ಯುಟಿಗೆ ನಿಮ್ಮ ಐ-797 (ವೀಸಾ ಅರ್ಜಿ ಮಂಜೂರಾದ ಕಾಗದ) ಕಾಣುವುದಿಲ್ಲ, ಮೈಬಣ್ಣ ಕಾಣುತ್ತದೆ. ಲ್ಯಾಟಿನೋ ಯಾರು, ನಮ್ಮವರು ಯಾರು ಅಂತ ದೂರದಿಂದ ಗೊತ್ತಾಗುವುದೂ ಇಲ್ಲ.

ನಂತರದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕೋರ್ಟಿನ ಆದೇಶ ಪಾಲಿಸದ್ದಕ್ಕೆ ಆರ್ಪಾಯೋ ಮೇಲೆ ನ್ಯಾಯಾಂಗ ನಿಂದನೆ ಕೇಸು ಬಂತು. 2016ರ ಚುನಾವಣೆಯಲ್ಲಿ ಪಾಲ್ ಪೆನ್ಜೋನ್ ಎದುರು ಸೋತರು. 2017ರ ಜುಲೈನಲ್ಲಿ ಕ್ರಿಮಿನಲ್ ನಿಂದನೆ ಸಾಬೀತಾಯಿತು, ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಟೆಂಟ್ ಸಿಟಿ ಅದೇ ವರ್ಷ ಮುಚ್ಚಿತು. ಮೆಲೆಂಡ್ರೆಸ್ ಕೇಸಿನ ಖರ್ಚು ಮಾತ್ರ ನಿಂತಿಲ್ಲ. ಕೌಂಟಿಯ ಲೆಕ್ಕದಲ್ಲಿ ಅದು 10 ಕೋಟಿ ಡಾಲರ್ ದಾಟಿ ಎಷ್ಟೋ ಮುಂದೆ ಹೋಗಿದೆ. ಆ ಲೆಕ್ಕ ಸರಿಯೋ ತಪ್ಪೋ ಅಂತಲೂ ಈಗ ಕೋರ್ಟಿನಲ್ಲಿ ವಾದ. ತೆರಿಗೆ ಕಟ್ಟುವವರು ನಾವೂ ಹೌದು, ವೀಸಾ ಯಾವುದೇ ಇರಲಿ.

ನೀವು ಮಾಡಬೇಕಾದ್ದು

ಬಂದ ತಕ್ಷಣ ಅರಿಜೋನಾ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. 2010ರಲ್ಲಿ ಬಂದ ಎಸ್‌ಬಿ 1070 ಅನ್ನುವ ಅರಿಜೋನಾದ ವಲಸೆ ಕಾನೂನಿನ ಹಲವು ಭಾಗಗಳನ್ನು ಸುಪ್ರೀಂ ಕೋರ್ಟ್ 2012ರಲ್ಲಿ ತೆಗೆದುಹಾಕಿತು. ಆದರೆ ಬೇರೆ ಕಾರಣಕ್ಕೆ ತಡೆದಾಗ ತಕ್ಕ ಅನುಮಾನ ಬಂದರೆ ಪೊಲೀಸರು ವಲಸೆ ಸ್ಥಿತಿ ವಿಚಾರಿಸಬಹುದು ಅನ್ನುವ ಭಾಗ ಉಳಿದಿದೆ. ಚಾಲ್ತಿಯಲ್ಲಿರುವ ಅರಿಜೋನಾ ಲೈಸೆನ್ಸ್ ತೋರಿಸಿದರೆ ನೀವು ಕಾನೂನುಬದ್ಧವಾಗಿ ಇದ್ದೀರಿ ಅಂತಲೇ ಭಾವಿಸಬೇಕು ಅಂತ ಅದೇ ಕಾನೂನು ಹೇಳುತ್ತದೆ. ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅನ್ನುವ ಪ್ರಶ್ನೆ ಬರುತ್ತದೆ. ಪೌರತ್ವ ಇಲ್ಲದವರು ಅಪ್ಪಿತಪ್ಪಿಯೂ ಹೌದು ಅನ್ನಬೇಡಿ. ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

18 ತುಂಬಿದವರು ನೋಂದಣಿ ದಾಖಲೆಯನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ಹಳೆಯ ಫೆಡರಲ್ ಕಾನೂನು. ಗ್ರೀನ್ ಕಾರ್ಡ್ ಇದ್ದವರಿಗೆ ಆ ಕಾರ್ಡು. ಎಚ್-1ಬಿ, ಎಚ್-4, ಎಫ್-1 ಇದ್ದವರಿಗೆ ಐ-94, ಅಂದರೆ ದೇಶದೊಳಗೆ ಬಂದ ದಾಖಲೆ. ಅದರ ಪ್ರಿಂಟ್ ತೆಗೆದು ಪರ್ಸಿನಲ್ಲಿಡಿ. ಇಲ್ಲೇ ಇದ್ದು ವೀಸಾ ಅವಧಿ ಮುಂದುವರಿಸಿದ್ದರೆ ಹೊಸ ಐ-94 ನಿಮ್ಮ ಐ-797 ಕಾಗದದ ಕೆಳಭಾಗದಲ್ಲಿ ಇರುತ್ತದೆ. ಎಷ್ಟೋ ಜನ ಹಳೆಯದನ್ನೇ ಹಿಡಿದು ತಿರುಗುತ್ತಾರೆ. ಊರಿನಿಂದ ಬಂದ ಅಪ್ಪ ಅಮ್ಮ ಸಂಜೆ ವಾಕಿಂಗ್ ಹೋಗುವಾಗಲೂ ಐ-94 ಪ್ರಿಂಟ್, ಮನೆ ವಿಳಾಸ, ನಿಮ್ಮ ಫೋನ್ ನಂಬರ್ ಜೇಬಿನಲ್ಲಿರಲಿ. ಮನೆ ಬದಲಾಯಿಸಿದರೆ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರಂ ಸಲ್ಲಿಸಿ.

ಗಾಡಿ ನಿಲ್ಲಿಸಿದರೆ ಇಳಿಯಬೇಡಿ. ನಮ್ಮ ಕಡೆ ಇಳಿದು ಸಾರ್ ಅಂತ ಪೊಲೀಸರ ಹತ್ತಿರ ಹೋಗುವುದು ಮರ್ಯಾದೆ, ಇಲ್ಲಿ ಅದನ್ನು ಅಪಾಯ ಅಂತ ನೋಡುತ್ತಾರೆ. ಕೈ ಸ್ಟೀರಿಂಗ್ ಮೇಲಿರಲಿ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೊಡಿ. ಹೆಸರು ಕೇಳಿದರೆ ನಿಜವಾದ ಪೂರ್ತಿ ಹೆಸರು ಹೇಳಿ. ಗಾಡಿ ಹುಡುಕುತ್ತೇವೆ ಅಂದರೆ ಒಪ್ಪಿಗೆ ಇಲ್ಲ ಅಂತ ಶಾಂತವಾಗಿ ಹೇಳಬಹುದು, ತಡೆಯಲು ಹೋಗಬೇಡಿ. ಹುಟ್ಟಿದ್ದು ಎಲ್ಲಿ, ಹೇಗೆ ಬಂದಿರಿ ಅನ್ನುವ ಪ್ರಶ್ನೆಗಳಿಗೆ ವಕೀಲರಿಲ್ಲದೆ ಉತ್ತರಿಸದಿರುವ ಹಕ್ಕಿದೆ. ಸುಳ್ಳು ಹೇಳುವ ಹಕ್ಕು ಮಾತ್ರ ಇಲ್ಲ. ಅನ್ಯಾಯ ಅನ್ನಿಸಿದರೆ ಡೆಪ್ಯುಟಿಯ ಹೆಸರು, ಬ್ಯಾಡ್ಜ್ ನಂಬರ್, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ. ರಸ್ತೆಯಲ್ಲಿ ವಾದ ಬೇಡ, ದೂರು ಆಮೇಲೆ ಕೊಡಿ.

ಇನ್ನೊಂದು ಮುಖ್ಯ ಮಾತು: ಕುಡಿದು ಗಾಡಿ ಓಡಿಸಬೇಡಿ. ಅರಿಜೋನಾದಲ್ಲಿ ಮೊದಲ ಸಲವೇ ಜೈಲು ಶಿಕ್ಷೆ ಇದೆ, ಅರೆಸ್ಟ್ ಆದರೆ ವೀಸಾ ರದ್ದಾಗುವ ಸಂಭವವೂ ಇದೆ. ಹೈವೇಯಲ್ಲಿ ಗಂಟೆಗೆ 85 ಮೈಲಿ ದಾಟಿದರೆ ಬರೀ ದಂಡ ಅಲ್ಲ, ಅದೂ ಕ್ರಿಮಿನಲ್ ಕೇಸು.

ಈಗಿನ ಶೆರಿಫ್ ಜೆರ್ರಿ ಶೆರಿಡನ್. 2024ರಲ್ಲಿ ಗೆದ್ದರು. ಆರ್ಪಾಯೋ ಕಾಲದಲ್ಲಿ ಅವರ ಕೈಕೆಳಗಿನ ಮುಖ್ಯ ಅಧಿಕಾರಿ ಆಗಿದ್ದರು, 2016ರ ಸಿವಿಲ್ ನಿಂದನೆ ತೀರ್ಪಿನಲ್ಲಿ ಶೆರಿಡನ್ ಹೆಸರೂ ಇತ್ತು. ಡೆಪ್ಯುಟಿಗಳಿಗೆ ಬೀದಿಯಲ್ಲಿ ಇಮಿಗ್ರೇಷನ್ ಕೆಲಸ ಮಾಡಲು ಬಿಡುವ 287(ಜಿ) ಮಾದರಿಯನ್ನು ಫೆಡರಲ್ ಸರ್ಕಾರ 2025ರಲ್ಲಿ ಮತ್ತೆ ಶುರು ಮಾಡಿದೆ. ಯಾವ ಕೌಂಟಿ, ಯಾವ ಊರು ಸಹಿ ಹಾಕಿದೆ ಅನ್ನುವ ಪಟ್ಟಿ ಐಸ್ (ಫೆಡರಲ್ ಇಮಿಗ್ರೇಷನ್ ಜಾರಿ) ಇಲಾಖೆಯ ಸೈಟಿನಲ್ಲಿದೆ, ಆಗಾಗ ಬದಲಾಗುತ್ತದೆ. ಮನೆ ಕೊಳ್ಳುವ ಮೊದಲು ಶಾಲೆಯ ರೇಟಿಂಗ್ ನೋಡುತ್ತೀರಲ್ಲ, ಇದನ್ನೂ ನೋಡಿ. ಮುಂದಿನ ಶೆರಿಫ್ ಚುನಾವಣೆ 2028ರಲ್ಲಿ. ಪೌರತ್ವ ಸಿಕ್ಕವರು ಮತಪತ್ರದಲ್ಲಿ ಅಧ್ಯಕ್ಷರ ಹೆಸರಿಗೆ ಗುರುತು ಹಾಕಿ ನಿಲ್ಲಿಸಬೇಡಿ, ಕೆಳಗೆ ಶೆರಿಫ್ ಸಾಲಿನವರೆಗೂ ಹೋಗಿ.