ನೆಗ್ಗಿದ ಬಂಪರಿಗೆ ಹಂಡೆಯ ಬಿಸಿನೀರು

ನೆಗ್ಗಿದ ಪ್ಲಾಸ್ಟಿಕ್ ಬಂಪರನ್ನು ಬಿಸಿನೀರಿನಿಂದ ಸರಿಮಾಡಬಹುದು ಎನ್ನುವವರು ಬಹಳ ಮಂದಿ. ಒಂದು ಚೊಂಬು ನೀರು ಸುರಿದು, ಗುದ್ದಿ, ಬಂಪರ್ ಜಗ್ಗದಿದ್ದಾಗ ಇದೆಲ್ಲ ಸುಳ್ಳು ಎಂದು ಕೈಬಿಡುವವರೂ ಅಷ್ಟೇ ಮಂದಿ ಇದ್ದಾರೆ. ಮಡಿಕೇರಿಯ ಮಳೆಗಾಲದಲ್ಲಿ ನಾನೇ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಈ ಕೆಲಸದಲ್ಲಿ ತೋಳ್ಬಲದ ಪಾಲು ಕಡಿಮೆ. ಶಾಖ ಪ್ಲಾಸ್ಟಿಕ್ಕಿನ ಒಳಮೈಯವರೆಗೆ ಇಳಿಯುವ ತನಕ ಕಾಯುವ ತಾಳ್ಮೆ ಇದ್ದರೆ ಸಾಕು.

ಗೋಣಿಕೊಪ್ಪಲಿನಲ್ಲಿ ಸಂತೆಯ ದಿನ ನಿಲ್ಲಿಸಿದ್ದ ಕಾರಿಗೆ ಹಿಂದಿನಿಂದ ಪಿಕಪ್ ತಾಗಿ, ಬಂಪರಿನ ಎಡಮೂಲೆ ಊಟದ ತಟ್ಟೆಯಷ್ಟು ಅಗಲ ಒಳಗೆ ಹೋಗಿತ್ತು. ಮೊದಲು ಕೆಸರು ತೊಳೆದು, ಒರೆಸಿ, ನೆಗ್ಗಿನ ಅಂಚಿನುದ್ದಕ್ಕೂ ಉಗುರು ಎಳೆದು ನೋಡಿದೆ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಅಂದರೆ ಬಿರುಕಿಲ್ಲ. ಬಂಪರಿನ ಒಳಮೈಯಲ್ಲಿ ಅದು ಯಾವ ಪ್ಲಾಸ್ಟಿಕ್ ಎಂಬುದನ್ನು ಅಚ್ಚೊತ್ತಿರುತ್ತಾರೆ. ನನ್ನದರಲ್ಲಿ ಪಿಪಿ ಎಂದಿತ್ತು, ಅಂದರೆ ಪಾಲಿಪ್ರೊಪಿಲೀನ್. ಈಗಿನ ಹೆಚ್ಚಿನ ಕಾರುಗಳಲ್ಲಿ ಇರುವುದು ಇದೇ, ಇಲ್ಲವೇ ಇದಕ್ಕೆ ರಬ್ಬರಿನಂಥ ಅಂಶ ಬೆರೆಸಿದ್ದು. ಇದು ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ, ಅಚ್ಚಿನಲ್ಲಿ ಪಡೆದ ಆಕಾರಕ್ಕೆ ಮರಳಲು ತಾನಾಗಿಯೇ ಹವಣಿಸುತ್ತದೆ. ಕುದಿಯುವ ನೀರು ಎಷ್ಟು ಕುದಿದರೂ ನೂರು ಡಿಗ್ರಿ ದಾಟುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಕರಗುವ ಭಯವಿಲ್ಲ. ಹೀಟ್ ಗನ್ ಹಾಗಲ್ಲ. ಅದರ ಬಾಯಿಂದ ಬರುವ ಗಾಳಿ 500 ಡಿಗ್ರಿಯವರೆಗೂ ಹೋಗಬಲ್ಲದು; ಕ್ಷಣ ಮೈಮರೆತರೆ ಬಣ್ಣ ಗುಳ್ಳೆ ಏಳುತ್ತದೆ. ಅಲ್ಲದೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ನಂಬಿ ಯಾವ ಕೆಲಸ ಹಿಡಿಯಲು ಸಾಧ್ಯ? ಹಂಡೆಯ ಒಲೆಗೆ ಸೌದೆ ಇದ್ದರಾಯಿತು.

ಆದರೆ ಕೊಡಗಿನಲ್ಲಿ ಒಂದು ತೊಡಕಿದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಲೆಯಿಂದ ಕಾರಿನವರೆಗೆ ತರುವಷ್ಟರಲ್ಲಿ ಇನ್ನಷ್ಟು ಆರುತ್ತದೆ, ಬಂಪರ್ ಮಳೆಯ ತಂಪಿಗೆ ಮೊದಲೇ ತಣ್ಣಗಾಗಿರುತ್ತದೆ. ಪ್ಲಾಸ್ಟಿಕ್ ಶಾಖವನ್ನು ಒಳಕ್ಕೆ ಬಿಟ್ಟುಕೊಳ್ಳುವುದೂ ಬಲು ನಿಧಾನ. ಹೀಗಾಗಿ ಮೇಲೆ ಮುಟ್ಟಿದರೆ ಸುಡುತ್ತದೆ, ಒಳಗಿನ ಮೈ ಮಾತ್ರ ಬಿರುಸಾಗಿಯೇ ಇರುತ್ತದೆ. ಒಂದು ಚೊಂಬು ಸಾಲದಿರುವುದು ಇದಕ್ಕೇ.

ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣಿದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ, ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ ಕೆಲಸ ಹಿಡಿದೆ. ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂಗಳನ್ನು ಬಿಚ್ಚಿದರೆ ಬಂಪರಿನ ಹಿಂಬದಿಗೆ ಕೈ ಹೋಗುತ್ತದೆ, ಇಡೀ ಬಂಪರ್ ಇಳಿಸಬೇಕಾಗಿಲ್ಲ. ಅಲ್ಲಿನ ಕ್ಲಿಪ್ಪುಗಳಲ್ಲಿ ತೋಟದ ದಾರಿಯ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಹಾಗೆಯೇ ಕೀಳಲು ಹೋದರೆ ಮುರಿಯುತ್ತವೆ, ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಪಾರ್ಕಿಂಗ್ ಸೆನ್ಸರಿನ ತಂತಿ ಕಳಚಿ ಪಕ್ಕಕ್ಕೆ ಕಟ್ಟಿದೆ. ತಳ್ಳಲು ಕಪಾತು ಮಾಡಿದಾಗ ಸಿಕ್ಕ ಕಾಫಿ ಗಿಡದ ಗಟ್ಟಿ ಕೊಂಬೆಯೊಂದಕ್ಕೆ ಬಟ್ಟೆ ಸುತ್ತಿಕೊಂಡಿದ್ದೆ. ಕಬ್ಬಿಣದ ರಾಡ್ ಬೇಡ, ಮೆತ್ತಗಾದ ಪ್ಲಾಸ್ಟಿಕ್ಕಿನಲ್ಲಿ ಅದರ ತುದಿ ಹೊರಗೆ ಮೊಳೆಯಂತೆ ಎದ್ದುಬಿಡುತ್ತದೆ.

ನೀರು ಸುರಿಯಲು ತಂಗಿಯ ಮಗ ನಿಂತ. ನೆಗ್ಗಿನ ಸುತ್ತ ಒಂದು ಗೇಣು ಜಾಗವೂ ಸೇರುವಂತೆ, ಧಾರೆ ಕಡಿಯದ ಹಾಗೆ, ನಿಧಾನವಾಗಿ ಹೊಯ್ಯಲು ಹೇಳಿದ್ದೆ. ನೆಗ್ಗಿಗೆ ದಪ್ಪನೆಯ ಟವೆಲ್ ಹೊದೆಸಿದ್ದರಿಂದ ಬಿಸಿನೀರು ಹರಿದುಹೋಗದೆ ಅಲ್ಲೇ ನಿಂತಿತು. ಈ ಟವೆಲ್ ಅರ್ಧ ಕೆಲಸ ಮಾಡುತ್ತದೆ ಎಂದರೆ ಹೆಚ್ಚಲ್ಲ. ಹಬೆ ಏಳುತ್ತಿದ್ದಂತೆ "ಮಾವಾ, ಈಗ ತಳ್ಳಬಹುದಲ್ಲವೇ?" ಎಂದು ಅವನು ಅವಸರಿಸುತ್ತಿದ್ದ. "ಹಿಂದಿನಿಂದ ಬಿಸಿ ಕೈಗೆ ತಾಗಲಿ, ಆಮೇಲೆ" ಎಂದೆ. ದಪ್ಪ ಗ್ಲೌಸ್ ಹಾಕಿದ್ದ ಕೈಗೆ ಒಳಮೈಯ ಬಿಸಿ ತಿಳಿದ ಮೇಲೆಯೇ ಕೊಂಬೆ ಹಿಡಿದೆ. ನಟ್ಟನಡುವೆ ಒತ್ತಲಿಲ್ಲ. ಮಡಿಕೆ ಬಿಗಿಯಾಗಿರುವುದು ಅಂಚಿನಲ್ಲಿ. ಅಲ್ಲಿಂದ ಸುತ್ತುತ್ತ ಒಳಕ್ಕೆ ಬಂದರೆ ಬಿಗಿ ಬಿಚ್ಚಿಕೊಳ್ಳುತ್ತದೆ. ಮೇಲಿನ ಅಂಚು ಮೊದಲು ಸಡಿಲವಾಯಿತು. ಬದಿಗೆ ಬರುತ್ತಿದ್ದಂತೆ ಉಳಿದದ್ದೆಲ್ಲ ಒಮ್ಮೆಗೇ ಡಬ್ ಎಂದು ಹೊರಕ್ಕೆ ಜಿಗಿಯಿತು. ಒಳಗಿನಿಂದ ಒತ್ತಿ ಹಿಡಿದುಕೊಂಡೇ ತಣ್ಣೀರು ಹಾಕಿಸಿದೆ. ಬಿಸಿ ಆರುವ ಮೊದಲು ಕೈ ಬಿಟ್ಟರೆ ಆಕಾರ ನಿಲ್ಲುವುದಿಲ್ಲ.

ಕೆಳಗೆ ಬೆರಳುದ್ದದ ಒಂದು ಗೆರೆ ಉಳಿದಿತ್ತು. ಪ್ಲಾಸ್ಟಿಕ್ ಚೂಪಾಗಿ ಮಡಿಸಿದ ಕಡೆ ಹೀಗಾಗುತ್ತದೆ. ಅಷ್ಟಕ್ಕೇ ಮತ್ತೆ ಶಾಖ ಕೊಟ್ಟು ಒತ್ತಿದ್ದರಿಂದ ಬಹುಪಾಲು ಹೋಯಿತು. ಬಿಸಿಲಿಗೆ ಓರೆಯಾಗಿ ನೋಡಿದರೆ ಈಗಲೂ ಕಾಣುತ್ತದೆ. ಅದನ್ನು ಮುಚ್ಚಲು ಕಾರಿನ ತಗಡಿನ ಭಾಗಗಳಿಗೆ ಹಾಕುವ ಪುಟ್ಟಿ ಬಳಿಯುವ ಯೋಚನೆ ಯಾರೂ ಮಾಡಬೇಡಿ. ಪಾಲಿಪ್ರೊಪಿಲೀನಿಗೆ ಯಾವುದೂ ಸುಲಭಕ್ಕೆ ಅಂಟುವುದಿಲ್ಲ. ಬಂಪರ್ ಬಳುಕಿದಾಗ ಬಿರುಸಾದ ಪುಟ್ಟಿ ಬಿರಿದು ಉದುರುತ್ತದೆ. ಪೇಂಟ್ ಮಾಡಿಸಲೇಬೇಕಾದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹಾಕುತ್ತಾರೆಯೇ ಎಂದು ಕೇಳಿಯೇ ಗಾಡಿ ಬಿಡಿ.

ಬಂಪರ್ ಸೀಳಿದ್ದರೆ ಬಿಸಿನೀರಿನ ದಾರಿ ಮುಚ್ಚಿತು. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ವೆಲ್ಡ್ ಮಾಡುವವರ ಬಳಿಗೇ ಹೋಗಬೇಕು. ಡಿಕ್ಕಿಯ ಬಾಗಿಲು ಸರಿಯಾಗಿ ಕೂರದಿದ್ದರೆ ಒಳಗಿನ ಉಕ್ಕಿನ ಬೀಮ್ ಬಾಗಿರಬಹುದು, ಮೊದಲು ಅದನ್ನು ತೋರಿಸಿ. ಮುಂದಿನ ಬಂಪರಿನಲ್ಲಿ ರಾಡಾರ್ ಇರುವ ಕಾರಾದರೆ ಮನೆಯಲ್ಲಿ ಕೈಹಾಕಲೇಬೇಡಿ.